ಸೇವೆಗೆ ಹಾಜರಿ ಪುಸ್ತಕ ಏಕೆ?

“ನಾನು ಬರುವುದಿಲ್ಲ. ನನ್ನ ಪಾಲಿನ ಶನಿವಾರಗಳನ್ನೆಲ್ಲ ಆಗಲೇ ಕೊಟ್ಟು ಮುಗಿಸಿದ್ದೇನೆ.”

ಎರಡು ವರ್ಷದ ಹಿಂದೆ, ಮೇ ತಿಂಗಳ ಮೊದಲ ವಾರದಲ್ಲಿ, 78ರ ಹಿರಿಯ ತಾಯಿಯೊಬ್ಬರು ನಮಗೆ ಹೀಗೆ ಹೇಳಿ ಬಾಗಿಲು ಹಾಕಿಕೊಂಡರು. ಮಗಳ ಬಾಣಂತನಕ್ಕೆಂದು ನಾನೂ ನಮ್ಮ ಮನೆಯವರೂ ಎಸ್ಟೋನಿಯಾ ದೇಶದ ರಾಜಧಾನಿ ಟಾಲಿನ್‌ಗೆ ಹೋಗಿ ಮೂರು ತಿಂಗಳು ಇದ್ದೆವು. ಆ ತಾಯಿ ಮಗಳ ಪಕ್ಕದ ಮನೆಯವರು. ಒಳ್ಳೆಯ ಜೀವ, ಕೂಸು ಹುಟ್ಟಿದಾಗ ತಮ್ಮ ಕೈಯಾರೆ ಹೆಣೆದ ಉಲ್ಲನ್ ಕಾಲುಚೀಲ ತಂದುಕೊಟ್ಟವರು. ಆ ಶನಿವಾರ ಟಾಲಿನ್ ಹತ್ತಿರದ ಒಂದು ಹಳ್ಳಿಯಲ್ಲಿ ಜನರೆಲ್ಲ ಸೇರಿ ಊರ ಕೆಲಸ ಮಾಡುವ ದಿನವಿತ್ತು. ಅಳಿಯನ ಕಚೇರಿಯ ಗೆಳೆಯರು ಹೊರಟಿದ್ದರು, ನೋಡೋಣವೆಂದು ನಾನೂ ಹೊರಟಿದ್ದೆ. ಸೌಜನ್ಯಕ್ಕೆ ಅವರನ್ನೂ ಕರೆದೆವು. ಅಷ್ಟು ಮೃದು ಸ್ವಭಾವದವರ ಮುಖ ಅಷ್ಟು ಬಿಗಿಯಾದದ್ದನ್ನು ಕಂಡು ನಾನು ತಬ್ಬಿಬ್ಬಾದೆ.

ಕಾರಣ ತಿಳಿದದ್ದು ನಾಲ್ಕು ದಿನ ಬಿಟ್ಟು, ಅವರ ಮನೆಯಲ್ಲಿ ಕಾಫಿ ಕುಡಿಯುವಾಗ. ಮೊಮ್ಮಗಳು ಇಂಗ್ಲಿಷಿನಲ್ಲಿ ತಿಳಿಸಿ ಹೇಳುತ್ತಿದ್ದಳು. ಆ ತಾಯಿ ಸೋವಿಯತ್ ಕಾಲದಲ್ಲಿ ಬಟ್ಟೆ ಕಾರ್ಖಾನೆಯಲ್ಲಿ ದುಡಿದವರು. ಪ್ರತಿ ವರ್ಷ ಏಪ್ರಿಲ್‌ನಲ್ಲಿ, ಲೆನಿನ್ ಹುಟ್ಟಿದ ದಿನದ ಆಸುಪಾಸಿನ ಶನಿವಾರ, “ಸ್ವಇಚ್ಛೆಯ” ಕೆಲಸ. ಅಂಗಳ ಗುಡಿಸು, ಕಬ್ಬಿಣದ ಗುಜರಿ ಹೊರು. ಮೇಸ್ತ್ರಿ ಪಟ್ಟಿ ಹಿಡಿದು ಬಾಗಿಲಲ್ಲಿ ನಿಲ್ಲುತ್ತಿದ್ದ. ಬರದಿದ್ದವರಿಗೆ ದಂಡವಿಲ್ಲ, ಆದರೆ ಬೋನಸ್ ಪಟ್ಟಿಯಲ್ಲಿ ಹೆಸರು ಹಿಂದೆ ಬೀಳುತ್ತಿತ್ತು. “ಬಂದವರೆಲ್ಲ ಸುಳ್ಳು ಹೇಳುತ್ತಿದ್ದೆವು, ಪಟ್ಟಿ ಬರೆಯುವವನೂ ಸುಳ್ಳು ಬರೆಯುತ್ತಿದ್ದ. ಹೀಗೆ ಒಟ್ಟಿಗೆ ಸುಳ್ಳು ಹೇಳುವುದಕ್ಕೇ ಸೇವೆ ಎಂದು ಹೆಸರಿತ್ತು” ಎಂದರು.

ಈ ಮಾತು ನನ್ನನ್ನು ಇನ್ನೂ ಬಿಟ್ಟಿಲ್ಲ. ಯಾಕೆಂದು ಆಮೇಲೆ ಹೇಳುತ್ತೇನೆ.

ಆ ಶನಿವಾರದ ಕೆಲಸಕ್ಕೆ ರಷ್ಯನ್ ಭಾಷೆಯಲ್ಲಿ ಸುಬ್ಬೋತ್ನಿಕ್ ಎನ್ನುತ್ತಾರೆ. ಸುಬ್ಬೋತಾ ಎಂದರೆ ಶನಿವಾರ. ಅದರ ಹುಟ್ಟಿನ ಕಥೆಯನ್ನು ನಮ್ಮ ಶರಣ ಬಂಧುಗಳು ತಿಳಿಯಬೇಕು, ಏಕೆಂದರೆ ಹುಟ್ಟಿದಾಗ ಅದು ಕೆಟ್ಟದ್ದಾಗಿರಲಿಲ್ಲ. 1919ರ ಏಪ್ರಿಲ್ 12ರ ರಾತ್ರಿ ಮಾಸ್ಕೋದ ಒಂದು ರೈಲು ಡಿಪೋದಲ್ಲಿ 15 ಮಂದಿ ಕೆಲಸಗಾರರು ಪಾಳಿ ಮುಗಿದ ಮೇಲೂ ಮನೆಗೆ ಹೋಗಲಿಲ್ಲ. ಅಂತರ್ಯುದ್ಧದ ಕಾಲ, ಗಾಡಿಗಳು ಕೆಟ್ಟು ನಿಂತಿದ್ದವು. ಬೆಳಗಾಗುವುದರೊಳಗೆ 3 ಎಂಜಿನುಗಳನ್ನು ರಿಪೇರಿ ಮಾಡಿ ಓಡುವಂತೆ ಮಾಡಿದರು. ಕೂಲಿ ಕೇಳಲಿಲ್ಲ. ಯಾರೂ ಅವರನ್ನು ಹೆದರಿಸಿರಲಿಲ್ಲ. ಅದು ಅಪ್ಪಟ ಕಾಯಕ ಎನ್ನಲು ನನಗೆ ಅಂಜಿಕೆಯಿಲ್ಲ. ಲೆನಿನ್ ಇದನ್ನು ಮಹಾ ಆರಂಭವೆಂದು ಹೊಗಳಿ ಪುಸ್ತಿಕೆ ಬರೆದ. ಮರುವರ್ಷ ಮೇ 1ರಂದು ತಾನೇ ಕ್ರೆಮ್ಲಿನ್ ಅಂಗಳದಲ್ಲಿ ಮರದ ದಿಮ್ಮಿ ಹೊತ್ತ. ಅಲ್ಲಿಂದ ಮುಂದೆ ಅದು ಆಚರಣೆಯಾಯಿತು, ಆಚರಣೆ ಆಜ್ಞೆಯಾಯಿತು, ಆಜ್ಞೆಗೆ ಪಟ್ಟಿ ಬಂತು. 15 ಜನ ಮನಸಾರೆ ಮಾಡಿದ್ದನ್ನು ಕೋಟ್ಯಂತರ ಜನ ಮುಖ ಸಿಂಡರಿಸಿಕೊಂಡು ಮಾಡುವಂತಾಯಿತು.

ಎಸ್ಟೋನಿಯಾ 1940ರಲ್ಲಿ ಸೋವಿಯತ್ ಕೈಗೆ ಹೋಯಿತು. ನಡುವೆ ಮೂರು ವರ್ಷ ಜರ್ಮನರು ಆಳಿದ್ದು ಬಿಟ್ಟರೆ 1991ರವರೆಗೂ ಅಲ್ಲೇ ಇತ್ತು. ಅದಕ್ಕೆ ಮೊದಲು ಆ ಸಣ್ಣ ನಾಡಿನಲ್ಲಿ ಊರೂರಿಗೆ ಸಂಘಗಳಿದ್ದವು: ಹಾಡಿನ ಸಂಘ, ಕುಡಿತ ಬಿಡಿಸುವ ಸಂಘ, ರೈತರ ಸಂಘ, ಬೆಂಕಿ ಆರಿಸುವ ಸ್ವಯಂಸೇವಕರ ದಳ. 1869ರಲ್ಲಿಯೇ ತಾರ್ತು ನಗರದಲ್ಲಿ ಮೊದಲ ಹಾಡಿನ ಹಬ್ಬ ನಡೆಸಿದ್ದು ಇಂಥ ಸಂಘದ ಜನರೇ. ಸೋವಿಯತ್ ಆಡಳಿತ ಬಂದ ಮೇಲೆ ಸ್ವತಂತ್ರ ಸಂಘಗಳಿಗೆ ಬಾಗಿಲು ಬಿತ್ತು, ಉಳಿದವು ಸರಕಾರದ ಅಂಗಗಳಾದವು. ಎಲ್ಲರ ಯೋಗಕ್ಷೇಮ ಸರಕಾರವೇ ನೋಡಿಕೊಳ್ಳುವಾಗ ದಾನಧರ್ಮಕ್ಕೆ ಏನು ಕೆಲಸ ಎಂಬುದು ಆಗಿನ ತತ್ವ. ಇದರಿಂದ ಆದ ನಷ್ಟ ಹಣದ್ದಲ್ಲ. ಎದುರುಮನೆಯವರ ಕಷ್ಟಕ್ಕೆ ಹೋಗುವುದು ಬೇರೆ ಮಾತು, ಅದು ಅಲ್ಲೂ ನಿಲ್ಲಲಿಲ್ಲ. ಆದರೆ ಗುರುತಿಲ್ಲದವರೊಡನೆ ಕೂಡಿ, ಗುರುತಿಲ್ಲದವರಿಗಾಗಿ, ಯಾರ ಅಪ್ಪಣೆಯೂ ಇಲ್ಲದೆ ಒಂದು ಕೆಲಸ ಎತ್ತಿಕೊಳ್ಳುವ ರೂಢಿ ಎರಡು ತಲೆಮಾರಿನಲ್ಲಿ ಒಣಗಿತು.

ಪೂರ್ತಿ ಸತ್ತಿರಲಿಲ್ಲ ಎನ್ನುವುದಕ್ಕೂ ಸಾಕ್ಷಿಯಿದೆ. 1987ರ ಡಿಸೆಂಬರಿನಲ್ಲಿ ಕೆಲವರು ಸೇರಿ ಪರಂಪರೆ ರಕ್ಷಣೆಯ ಸಂಘ ಕಟ್ಟಿದರು. ಕೆಡವಿಹಾಕಿದ್ದ ಹಳೆಯ ಸ್ಮಾರಕಗಳನ್ನು ಹುಡುಕಿ, ಮತ್ತೆ ನಿಲ್ಲಿಸತೊಡಗಿದರು. ಆ ಕಾಲದಲ್ಲಿ ಕಲ್ಲು ತೊಳೆಯುವುದೂ ಧೈರ್ಯದ ಕೆಲಸವಾಗಿತ್ತು. 1989ರ ಆಗಸ್ಟ್ 23ರಂದು ಟಾಲಿನ್‌ನಿಂದ ವಿಲ್ನಿಯಸ್‌ವರೆಗೆ, ಮೂರು ದೇಶಗಳ ಉದ್ದಕ್ಕೂ, 600 ಕಿಲೋಮೀಟರಿಗೂ ಹೆಚ್ಚು ದೂರ ಲಕ್ಷಾಂತರ ಜನ ಕೈಕೈ ಹಿಡಿದು ನಿಂತರು. ಆ ದಿನ ಮೇಸ್ತ್ರಿಯ ಪಟ್ಟಿ ಇರಲಿಲ್ಲ.

ಸ್ವಾತಂತ್ರ್ಯ ಬಂದ ಮೇಲೆ ಇಂಥ ಜನ ಸೇವೆಗೆ ನುಗ್ಗಿ ಬರಬೇಕಿತ್ತಲ್ಲವೇ? ಬರಲಿಲ್ಲ. ಕಮ್ಯುನಿಸ್ಟ್ ಆಳ್ವಿಕೆ ಕಳಚಿದ ಬಹುತೇಕ ದೇಶಗಳಲ್ಲಿ ಹೀಗೇ ಆಯಿತು. ದುಡಿಮೆ ಹೋಗಿತ್ತು, ಬೆಲೆ ಏರಿತ್ತು, ಮನೆ ನಡೆಸುವುದೇ ಸಾಹಸವಾಗಿತ್ತು. ಅದು ಅರ್ಧ ಕಾರಣ. ಇನ್ನರ್ಧ ಆ ಹಿರಿಯ ತಾಯಿಯ ಮುಚ್ಚಿದ ಬಾಗಿಲು. ಪುಕ್ಕಟೆ ಕೆಲಸಕ್ಕೆ ಕರೆಯುವವನನ್ನು ಕಂಡರೆ “ಇವನ ಹಿಂದೆ ಯಾರಿದ್ದಾರೆ? ಇದರಲ್ಲಿ ಇವನಿಗೇನು ಸಿಗುತ್ತದೆ?” ಎಂಬ ಗುಮಾನಿ. ಸೇವೆ, ಒಗ್ಗಟ್ಟು, ಸಮೂಹ ಎಂಬ ಒಳ್ಳೆಯ ಮಾತುಗಳೆಲ್ಲ ಹಳೆಯ ಆಳ್ವಿಕೆಯ ಬಾಯಲ್ಲಿ ಸವೆದುಹೋಗಿದ್ದವು. ಮಾತು ಕೆಟ್ಟರೆ ಕೆಲಸ ಕಟ್ಟುವುದು ಎಷ್ಟು ಕಷ್ಟ ಎಂಬುದನ್ನು ನಾವು ಲಘುವಾಗಿ ತೆಗೆದುಕೊಂಡಿದ್ದೇವೆ.

ಒಂದೊಂದು ದೇಶ ಒಂದೊಂದು ದಾರಿ ಹಿಡಿಯಿತು. ಹಂಗೇರಿ 1996ರಲ್ಲಿ ಕಾನೂನು ತಂದು, ಆದಾಯ ತೆರಿಗೆಯಲ್ಲಿ ನೂರಕ್ಕೆ 1 ಭಾಗ ಯಾವ ಸೇವಾ ಸಂಸ್ಥೆಗೆ ಹೋಗಬೇಕೆಂದು ತೆರಿಗೆದಾರನೇ ಹೇಳುವಂತೆ ಮಾಡಿತು. ಪೋಲೆಂಡ್, ಸ್ಲೊವಾಕಿಯಾ, ಲಿಥುವೇನಿಯಾ, ರೊಮೇನಿಯಾಗಳೂ ಅದೇ ದಾರಿ ತುಳಿದವು. ಪೋಲೆಂಡಿನಲ್ಲಿ ಈಗ ಅದು ಒಂದೂವರೆ ಭಾಗ. ನನ್ನ ಅಭಿಪ್ರಾಯದಲ್ಲಿ ಇದು ದಾನವಲ್ಲ, ಹೇಗೂ ಕಟ್ಟಬೇಕಾದ ಹಣಕ್ಕೆ ವಿಳಾಸ ಬರೆಯುವುದು ಅಷ್ಟೇ. ಆದರೂ ಯಾವ ಸಂಸ್ಥೆ ಏನು ಮಾಡುತ್ತಿದೆ ಎಂದು ಜನ ಕಣ್ಣು ಹಾಯಿಸಲು ಕಲಿತರು. ಪೋಲೆಂಡಿನಲ್ಲಿ 1993ರಿಂದ ಪ್ರತಿ ಜನವರಿಯ ಒಂದು ಭಾನುವಾರ ಹುಡುಗ ಹುಡುಗಿಯರು ಡಬ್ಬಿ ಹಿಡಿದು ಬೀದಿಗಿಳಿಯುತ್ತಾರೆ. ಕಾಸು ಹಾಕಿದವರಿಗೆ ಕೆಂಪು ಹೃದಯದ ಚೀಟಿ ಅಂಟಿಸುತ್ತಾರೆ. ಬಂದ ಹಣದಲ್ಲಿ ಆಸ್ಪತ್ರೆಗಳಿಗೆ ಯಂತ್ರ ಕೊಂಡು, ಯಂತ್ರದ ಮೇಲೂ ಅದೇ ಕೆಂಪು ಹೃದಯ ಅಂಟಿಸುತ್ತಾರೆ. ಕಾಸು ಹಾಕಿದವನು ತನ್ನ ಕಾಸು ಎಲ್ಲಿಗೆ ಹೋಯಿತೆಂದು ಕಣ್ಣಾರೆ ಕಾಣುತ್ತಾನೆ. ಯಂತ್ರದ ಮೇಲೆ ದಾನಿಯ ಹೆಸರು, ಗೋತ್ರ, ಭಾವಚಿತ್ರ ಇಲ್ಲ!

ಎಸ್ಟೋನಿಯಾದ ದಾರಿ ನನಗೆ ಹೆಚ್ಚು ಹಿಡಿಸಿತು. ಅವರಲ್ಲಿ ತಲ್ಗುದ್ ಎಂಬ ಹಳೆಯ ಹಳ್ಳಿಯ ಪದವಿದೆ. ಒಬ್ಬನ ಹುಲ್ಲು ಕೊಯ್ಲಿಗೆ, ಗೊಬ್ಬರ ಹೊರುವುದಕ್ಕೆ ಅಕ್ಕಪಕ್ಕದವರೆಲ್ಲ ಬರುವುದು. ಮನೆಯವನು ಎಲ್ಲರಿಗೂ ಉಣ್ಣಿಸುವುದು. ಸಂಜೆ ಹಾಡು, ಕುಣಿತ. ನಮ್ಮ ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ, ಮುಯ್ಯಾಳು ಎಂದರೆ ಸಾಕು. ಇಂದು ನಾನು ನಿನ್ನ ಹೊಲಕ್ಕೆ, ನಾಳೆ ನೀನು ನನ್ನ ಹೊಲಕ್ಕೆ. ಸರಕಾರದ ಶನಿವಾರದಿಂದ ಹೊಲಸಾಗದ ಪದ ಅದೊಂದೇ ಉಳಿದಿತ್ತು.

2008ರಲ್ಲಿ ರೈನರ್ ನೊಲ್ವಾಕ್ ಎಂಬ ಉದ್ಯಮಿ ಮತ್ತು ಗೆಳೆಯರು ಒಂದು ಯೋಚನೆ ಮಾಡಿದರು. ಕಾಡುಗಳಲ್ಲಿ ಜನ ಕದ್ದು ಸುರಿದ ಕಸದ ರಾಶಿ ಎಲ್ಲೆಲ್ಲೂ ಇತ್ತು. ಸ್ವಯಂಸೇವಕರು ತಿಂಗಳುಗಟ್ಟಲೆ ಕಾಡು ಸುತ್ತಿ 10,000ಕ್ಕೂ ಹೆಚ್ಚು ರಾಶಿಗಳನ್ನು ನಕ್ಷೆಯಲ್ಲಿ ಗುರುತಿಸಿದರು. ಮೇ 3ರಂದು ಜನರನ್ನು ಕರೆದರು. “ತೇಮೆ ಆ್ಯರಾ” ಎಂದು ಹೆಸರು, “ಮಾಡಿ ಮುಗಿಸೋಣ” ಎಂದು ಅರ್ಥ. ಒಂದೇ ದಿನದಲ್ಲಿ ಸುಮಾರು 50,000 ಜನ ಬಂದು ಸುಮಾರು 10,000 ಟನ್ ಕಸ ಎತ್ತಿದರು. ದೇಶದ ಜನಸಂಖ್ಯೆಯೇ 13 ಲಕ್ಷದ ಆಸುಪಾಸು, ನಮ್ಮ ಗದಗ ಜಿಲ್ಲೆಗಿಂತ ತುಸು ಹೆಚ್ಚು. ನೂರಕ್ಕೆ ಸುಮಾರು ನಾಲ್ಕು ಮಂದಿ ಮನೆಬಿಟ್ಟು ಬಂದಂತಾಯಿತು. ಮರುವರ್ಷದಿಂದ ಅದು ಮೇ ತಿಂಗಳ ತಲ್ಗುದ್ ದಿನವಾಗಿ ಮುಂದುವರಿದಿದೆ. ಅದೇ ಬೀಜದಿಂದ 2018ರ ಸೆಪ್ಟೆಂಬರ್ 15ರಂದು ಮೊದಲ ವಿಶ್ವ ಸ್ವಚ್ಛತಾ ದಿನ ನಡೆಯಿತು. 2023ರಲ್ಲಿ ವಿಶ್ವಸಂಸ್ಥೆ ಸೆಪ್ಟೆಂಬರ್ 20ನ್ನು ಆ ದಿನವೆಂದು ಒಪ್ಪಿಕೊಂಡಿತು.

ಇದೆಲ್ಲ ಒಂದೇ ದಿನದ ಪವಾಡವಲ್ಲ. 1997ರಿಂದಲೇ ಕೊದುಕಾಂತ್ ಎಂಬ ಹಳ್ಳಿಗಳ ಒಕ್ಕೂಟ ಊರೂರಿನಲ್ಲಿ ಜನರನ್ನು ಕೂಡಿಸುತ್ತಿತ್ತು. 2002ರ ಡಿಸೆಂಬರಿನಲ್ಲಿ ಅಲ್ಲಿನ ಸಂಸತ್ತು, ಸರಕಾರ ಮತ್ತು ಜನರ ಸಂಘಗಳು ಒಬ್ಬರೊಡನೊಬ್ಬರು ಹೇಗೆ ನಡೆದುಕೊಳ್ಳಬೇಕೆಂಬ ಒಪ್ಪಂದದ ದಾಖಲೆಯನ್ನೇ ಅಂಗೀಕರಿಸಿತ್ತು. ಸರಕಾರ ಸಂಘದ ಯಜಮಾನನಲ್ಲ ಎಂದು ಬರೆದುಕೊಂಡು ನೆನಪಿಡಬೇಕಾದಷ್ಟು ಅವರಿಗೆ ಹಿಂದಿನ ಕಾಲ ಕಾಡಿತ್ತು.

ನಾನು ಹೋದ ಹಳ್ಳಿಯಲ್ಲಿ ಕೆಲಸ ಸಣ್ಣದು. ಊರ ಮಧ್ಯದ ದೊಡ್ಡ ಮರದ ಜೋಕಾಲಿಯನ್ನು ರಿಪೇರಿ ಮಾಡುವುದು, ಸುತ್ತಲಿನ ಕುರುಚಲು ಕಡಿಯುವುದು. ಹೌದು, ಜೋಕಾಲಿ! ಪಂಚಮಿಗೆ ನಮ್ಮಲ್ಲಿ ಹುಣಸೆಮರಕ್ಕೆ ಕಟ್ಟುವಂತೆ ಅವರಲ್ಲಿ ಊರಿಗೊಂದು, ನಾಲ್ಕೆಂಟು ಜನ ಒಟ್ಟಿಗೆ ನಿಂತು ಜೀಕುವಂಥದ್ದು. ಸುಮಾರು ಮೂವತ್ತು ಜನ ಸೇರಿದ್ದರು. ಉದ್ಘಾಟನೆ ಇರಲಿಲ್ಲ, ಮೈಕು ಇರಲಿಲ್ಲ. ಒಬ್ಬ ಹೆಣ್ಣುಮಗಳು ಯಾವ ಕೆಲಸ ಎಲ್ಲಿದೆ ಎಂದು ಎರಡು ನಿಮಿಷ ಹೇಳಿ ತಾನೂ ಗರಗಸ ಹಿಡಿದಳು. ನನಗೆ ಒಣಕಡ್ಡಿ ಒಟ್ಟುವ ಕೆಲಸ ಸಿಕ್ಕಿತು. ಪಕ್ಕದಲ್ಲಿ ಗೋಣಿಚೀಲ ಹೊರುತ್ತಿದ್ದವರು ಅಲ್ಲಿನ ಸ್ಥಳೀಯ ಆಡಳಿತದ ಮುಖ್ಯಸ್ಥರು ಎಂದು ತಿಳಿದದ್ದು ಊಟಕ್ಕೆ ಕೂತಾಗ. ಒಬ್ಬರು ಹನ್ನೊಂದು ಗಂಟೆಗೇ ಹೊರಟರು. ಯಾಕೆಂದು ಯಾರೂ ಕೇಳಲಿಲ್ಲ. ಮಧ್ಯಾಹ್ನ ದೊಡ್ಡ ಕಡಾಯಿಯಲ್ಲಿ ಕುದಿಸಿದ ಸೂಪು, ಕರಿ ರೊಟ್ಟಿ. ನನಗೆ ಬೇರೆ, ಮಾಂಸವಿಲ್ಲದ್ದು; ಹಿಂದಿನ ದಿನವೇ ಕೇಳಿಕೊಂಡಿದ್ದರು. ನಾಲ್ಕು ಗಂಟೆಗೆ ಜೋಕಾಲಿ ಸಿದ್ಧವಾಯಿತು, ಮೊದಲು ಮಕ್ಕಳು ಹತ್ತಿದರು, ಆಮೇಲೆ ನಾನೂ ಹತ್ತಿದೆ. ಯಾರ ಹೆಸರನ್ನೂ ಯಾರೂ ಬರೆದುಕೊಳ್ಳಲಿಲ್ಲ.

ಈಗ ನನ್ನ ಮಾತು. ನಾನು 31 ವರ್ಷ ಒಂದು ಮಠದ ವಿದ್ಯಾಸಂಸ್ಥೆಯಲ್ಲಿ ಶಿಕ್ಷಕನಾಗಿ, ಕೊನೆಯ ಒಂಬತ್ತು ವರ್ಷ ಮುಖ್ಯೋಪಾಧ್ಯಾಯನಾಗಿ ಇದ್ದವನು. ಜಾತ್ರೆ ಬಂದರೆ ಸಿಬ್ಬಂದಿಗೆಲ್ಲ ಸುತ್ತೋಲೆ: ದಾಸೋಹ ಸೇವೆಗೆ “ಸ್ವಇಚ್ಛೆಯಿಂದ” ಬರತಕ್ಕದ್ದು. ಕೆಳಗೆ ಸಹಿಗೆ ಜಾಗ. ಒಂದು ದಿನದ ಸಂಬಳವೂ ಸ್ವಇಚ್ಛೆಯಿಂದಲೇ ಕಡಿತ. ಸಹಿ ಹಾಕದವರನ್ನು ಯಾರೂ ಬೈಯುತ್ತಿರಲಿಲ್ಲ. ಬಡ್ತಿಯ ಹೊತ್ತಿಗೆ ಅವರ ನೆನಪು ಚೆನ್ನಾಗಿ ಇರುತ್ತಿತ್ತು. ಆ ಪಟ್ಟಿಯನ್ನು ಹಿಡಿದುಕೊಂಡು ಬಾಗಿಲಲ್ಲಿ ನಿಂತವನು ನಾನೇ. ಇಷ್ಟೇ ಆಗಿದ್ದರೆ ಮೇಲಿನವರ ಮೇಲೆ ಹಾಕಿ ಕೈ ತೊಳೆದುಕೊಳ್ಳಬಹುದಿತ್ತು. ಪ್ರಸಾದ ನಿಲಯದ ಹುಡುಗರಲ್ಲಿ ಪ್ರಾರ್ಥನೆಗೆ ತಡವಾಗಿ ಬಂದವರಿಗೆ ದಾಸೋಹದ ಪಾತ್ರೆ ತೊಳೆಯುವ ಶಿಕ್ಷೆ ಇಟ್ಟವನು ನಾನು. ಅದು ನನ್ನದೇ ಬುದ್ಧಿ. ಹೊಡೆಯುವುದಕ್ಕಿಂತ ಒಳ್ಳೆಯದು, ಸೇವೆಯೂ ಆದಂತಾಯಿತು ಎಂದು ಬೀಗಿದ್ದೆ. ನಿವೃತ್ತಿಯಾದ ಮೇಲೆ ಹುಬ್ಬಳ್ಳಿಯ ಬಸ್‌ನಿಲ್ದಾಣದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬ ಕಾಲಿಗೆರಗಿ ಮಾತಾಡಿಸಿದ. ಈಗ ಎಂಜಿನಿಯರ್. ಊರ ದಾಸೋಹಕ್ಕೆ ಬರುತ್ತೀಯೇನಪ್ಪ ಎಂದೆ. “ರೊಕ್ಕಾ ಕಳಸ್ತೀನ್ರೀ ಸರ್. ಬರೂದು ಬ್ಯಾಡ. ಆ ಪಾತ್ರಿ ಸಪ್ಪಳ ಕೇಳಿದ್ರ ಇನ್ನೂ ತಪ್ಪು ಮಾಡಿದಂಗ ಅನಸ್ತದ” ಎಂದ. ನಗುತ್ತಲೇ ಹೇಳಿದ. ಟಾಲಿನ್‌ನ ತಾಯಿ ಬಾಗಿಲು ಮುಚ್ಚಿದಾಗ ನನಗೆ ಕಂಡದ್ದು ಇವನ ಮುಖ.

ಬಸವಾದಿ ಶರಣರು ದಾನ ಎಂಬ ಮಾತನ್ನು ಬಿಟ್ಟು ದಾಸೋಹ ಎಂದದ್ದು ಸುಮ್ಮನೆ ಅಲ್ಲ. ದಾನದಲ್ಲಿ ಕೊಡುವವನ ಕೈ ಮೇಲಿರುತ್ತದೆ, ದಾಸೋಹದಲ್ಲಿ ಕೊಡುವವನೇ ದಾಸ. ತಾನಾಗಿ ದಾಸನಾಗುವುದಕ್ಕೂ ಇನ್ನೊಬ್ಬನನ್ನು ದಾಸನನ್ನಾಗಿ ಮಾಡುವುದಕ್ಕೂ ಇರುವ ಅಂತರ ನನಗೆ 31 ವರ್ಷ ಹೊಳೆಯಲಿಲ್ಲ. ಆಯ್ದಕ್ಕಿ ಮಾರಯ್ಯ ಬೇಕಾದದ್ದಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ತಿರುಗಿ ಸುರಿದು ಬಾ ಎಂದಳೆಂಬ ಕಥೆಯನ್ನು ನಾನು ನೂರು ಸಲ ಪಾಠ ಮಾಡಿದ್ದೇನೆ. ಬಲವಂತದಿಂದ ಪಡೆದ ಸೇವೆಯೂ ಹಾಗೆ ತಿರುಗಿ ಸುರಿಯಬೇಕಾದ ಅಕ್ಕಿ ಎಂದು ಒಮ್ಮೆಯೂ ಹೇಳಲಿಲ್ಲ.

ಇನ್ನೊಂದನ್ನು ನುಂಗಿಕೊಳ್ಳದೆ ಹೇಳಬೇಕು. ಜಾತ್ರೆಯಲ್ಲಿ ಹುಗ್ಗಿ ಬಡಿಸಲು, ಪಾದರಕ್ಷೆ ಕಾಯಲು ನಮ್ಮವರು ನಾ ಮುಂದು ತಾ ಮುಂದು ಎಂದು ಬರುತ್ತಾರೆ. ಶೌಚಾಲಯ ತೊಳೆಯಲು ಮಾತ್ರ ದಿನಗೂಲಿಯ ಪೌರಕಾರ್ಮಿಕರನ್ನು ಕರೆಸುತ್ತೇವೆ, ಅವರು ಯಾವ ಕೇರಿಯಿಂದ ಬರುತ್ತಾರೆಂದು ಎಲ್ಲರಿಗೂ ಗೊತ್ತು. ಕಸಗುಡಿಸುವುದನ್ನೇ ಕಾಯಕ ಮಾಡಿಕೊಂಡ ಸತ್ಯಕ್ಕನ ಹೆಸರಿನಲ್ಲಿ ಮಹಿಳಾ ಸಂಘ ಕಟ್ಟಿ, ಪೊರಕೆಯನ್ನು ಮಾತ್ರ ಇನ್ನೊಬ್ಬರ ಕೈಗೆ ಕೊಟ್ಟಿದ್ದೇವೆ. ಎಸ್ಟೋನಿಯಾದವರಿಗೆ ಈ ರೋಗವಿರಲಿಲ್ಲ, ಅದಕ್ಕೆ ಅವರ ದಾರಿ ನಮಗಿಂತ ತುಸು ಸಲೀಸು.

ಹಾಜರಿ ಇಲ್ಲದಿದ್ದರೆ ಯಾರು ಬರುತ್ತಾರೆ ಎಂದು ಅನೇಕ ಪೂಜ್ಯರೂ ಆಡಳಿತ ಮಂಡಳಿಯ ಹಿರಿಯರೂ ಕೇಳುತ್ತಾರೆ. ಸರಿಯಾದ ಪ್ರಶ್ನೆ. ಹತ್ತು ಸಾವಿರ ಜನರ ಪಂಕ್ತಿ ನಡೆಸುವವರಿಗೆ ನಾಳೆ ಎಷ್ಟು ಕೈ ಬರುತ್ತವೆ ಎಂಬ ಲೆಕ್ಕ ಬೇಕು. ನನ್ನ ಉತ್ತರ: ಲೆಕ್ಕ ಬೇಕಾದ ಕೆಲಸಕ್ಕೆ ಕೂಲಿ ಕೊಡಿ, ನ್ಯಾಯವಾದ ಕೂಲಿ. ಅದರಲ್ಲಿ ಅಪಮಾನವಿಲ್ಲ. ಉಳಿದದ್ದಕ್ಕೆ ಕರೆಯಿರಿ, ಕಡಿಮೆ ಜನ ಬಂದರೆ ಕಡಿಮೆ ಮಾಡಿ. ಎನ್‌ಎಸ್‌ಎಸ್ ಹುಡುಗರು ಎರಡು ವರ್ಷದಲ್ಲಿ 240 ಗಂಟೆ ತುಂಬಿಸಿ ಪ್ರಮಾಣಪತ್ರ ಪಡೆಯುತ್ತಾರೆ, ಅದು ಶಿಕ್ಷಣದ ಒಂದು ಭಾಗ, ಇರಲಿ. ಆದರೆ ಮಠದ ಅಂಗಳದಲ್ಲಿಯೂ ಗಂಟೆ ಎಣಿಸಿದರೆ ಮನಸ್ಸನ್ನು ಎಲ್ಲಿ ಎಣಿಸುವುದು? ಕಂತಿಭಿಕ್ಷೆ ಎತ್ತಿ, ಮನೆಮನೆಯ ರೊಟ್ಟಿಯಿಂದ ಪ್ರಸಾದ ನಿಲಯಗಳನ್ನು ನಡೆಸಿದ ಕಾಲದ ಹಿರಿಯರ ಕೈಯಲ್ಲಿ ಜೋಳಿಗೆ ಇತ್ತು, ರಿಜಿಸ್ಟರ್ ಇರಲಿಲ್ಲ.

ಊರಿಗೆ ಮರಳಿದ ಮೇಲೆ ನಾವು ಕೆಲವರು ಒಂದು ಪ್ರಯತ್ನ ಮಾಡಿದೆವು. ಊರ ಹೊರಗಿನ ಹಳೆಯ ಮೆಟ್ಟಿಲು ಬಾವಿ ಹೂಳು, ಮುಳ್ಳು, ಬಾಟಲಿಗಳಿಂದ ತುಂಬಿತ್ತು. ಬಸವ ಜಯಂತಿಯ ಮುಂದಿನ ಭಾನುವಾರ ಕರೆದೆವು. ಎಲ್ಲ ಕೇರಿಗಳಿಗೂ ಕಾಲ್ನಡಿಗೆಯಲ್ಲಿ ಹೋಗಿ, ಒಂದೊಂದು ಮನೆಗೂ ಒಂದೇ ಸಲ ಹೇಳಿದೆವು. ಶಾಲೆಗೆ ಹೇಳಲಿಲ್ಲ, ಹೇಳಿದ್ದರೆ ಮಕ್ಕಳನ್ನು ಸಾಲಾಗಿ ಕಳಿಸುತ್ತಿದ್ದರು. ಹನ್ನೊಂದು ಜನ ಬಂದರು, ಅದರಲ್ಲಿ ನಾಲ್ವರು ಅರವತ್ತು ದಾಟಿದವರು. ನನಗೆ ನಾಚಿಕೆಯಾಯಿತು, ಸುಳ್ಳೇಕೆ ಹೇಳಲಿ. ಎಂಟು ಮೆಟ್ಟಿಲು ಕಂಡವು. ಝುಣಕ ರೊಟ್ಟಿ ಉಂಡೆವು. ಎಲ್ಲರೂ ಕೂಡಿ ಒಂದೇ ಪಂಕ್ತಿಯಲ್ಲಿ ಕೂತಿದ್ದೆವು, ತಮ್ಮ ತಾಟು ತಾವೇ ತೊಳೆದರು. 640 ರೂಪಾಯಿ ಖರ್ಚಾದದ್ದನ್ನು ಹಲಗೆಯ ಮೇಲೆ ಬರೆದು ಗುಡಿಯ ಮುಂದೆ ತೂಗುಹಾಕಿದೆವು. ಎರಡನೆಯ ಸಲ ಹತ್ತೊಂಬತ್ತು ಜನ, ಮೂರನೆಯ ಸಲ ಮಳೆ, ಆರು ಜನ. ಕಳೆದ ತಿಂಗಳು ಇಪ್ಪತ್ತಾರು. ಈಗ ಇಪ್ಪತ್ತಮೂರು ಮೆಟ್ಟಿಲು ಕಾಣುತ್ತವೆ, ನೀರು ಇನ್ನೂ ಕಂಡಿಲ್ಲ. ಹಿರಿಯರು ಹೇಳುವಂತೆ ಕೆಳಗೆ ಇನ್ನೂ ಹತ್ತು ಹನ್ನೆರಡು ಇರಬೇಕು.

ಹಳೆಯ ವಿದ್ಯಾರ್ಥಿಗೆ ಫೋನು ಮಾಡಿ ಕ್ಷಮೆ ಕೇಳಿದೆ. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ “ಬಾವಿ ಎಷ್ಟು ಆಳ ಐತ್ರೀ ಸರ್?” ಎಂದು ಕೇಳಿದ. ಬಾ ಎಂದು ನಾನು ಅನ್ನಲಿಲ್ಲ, ಬರುತ್ತೇನೆ ಎಂದು ಅವನೂ ಅನ್ನಲಿಲ್ಲ. ಮುಂದಿನ ಕೆಲಸ ಅಮಾವಾಸ್ಯೆ ಕಳೆದ ಭಾನುವಾರ, ಬೆಳಿಗ್ಗೆ ಏಳಕ್ಕೆ. ಬುಟ್ಟಿಗಳು ಸಾಕಷ್ಟಿವೆ, ಸಲಿಕೆ ನಾಲ್ಕೇ ಇವೆ.